ಊರನ್ನು ಓದುವವರು

ಕರ್ನಾಟಕದ ಮೂಡಣ ಅಂಚಿನಲ್ಲಿ, ಬೆಂಗಳೂರಿನಿಂದ ತಿರುಪತಿಯ ಕಡೆಗೆ ಸಾಗುವ ಹೆದ್ದಾರಿಯ ಮೇಲೆ ಮುಳಬಾಗಿಲು ಪಟ್ಟಣವಿದೆ. ‘ಮೂಡಲ ಬಾಗಿಲು’ ಎಂಬ ಮಾತೇ ಸವೆದು ಮುಳಬಾಗಿಲು ಆಯಿತೆಂದು ಹೇಳುತ್ತಾರೆ. ಪೂರ್ವ ದಿಕ್ಕಿನಿಂದ ಕನ್ನಡನಾಡಿಗೆ ಬರುವವರಿಗೆ ಅದು ನಿಜವಾಗಿಯೂ ಬಾಗಿಲೇ ಸರಿ. ಇಲ್ಲಿನ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು. ಶಾಲೆಯಲ್ಲಿ ಕಲಿಯುವುದು ಕನ್ನಡ. ಸಂತೆಯಲ್ಲಿ ಇವೆರಡರೊಡನೆ ತಮಿಳೂ ಉರ್ದುವೂ ಕಿವಿಗೆ ಬೀಳುತ್ತವೆ. ವರ್ಷವಿಡೀ ತುಂಬಿ ಹರಿಯುವ ನದಿ ಈ ಸೀಮೆಗಿಲ್ಲ. ಹಿಂದಿನವರು ಕಟ್ಟಿದ ಕೆರೆಗಳೇ ಬಹುಕಾಲ ಇಲ್ಲಿನ ಬೇಸಾಯಕ್ಕೆ ಆಧಾರವಾಗಿದ್ದವು. ಕೆರೆಗಳು ಹೂಳು ತುಂಬಿ ಬರಿದಾದಂತೆ ರೈತರು ಕೊಳವೆ ಬಾವಿಗಳನ್ನು ತೋಡಿದರು. ಆ ಬಾವಿಗಳು ವರ್ಷದಿಂದ ವರ್ಷಕ್ಕೆ ಆಳವಾಗುತ್ತ ಹೋದವು.

ಇಂತಹ ಒಂದು ಊರನ್ನು ಕುರಿತು ಯಾರಾದರೂ ಕೆಲವು ಪ್ರಶ್ನೆಗಳನ್ನು ಕೇಳಬಹುದು. ಬತ್ತಿದ ಬಾವಿಯ ಸಾಲವನ್ನು ತೀರಿಸಲು ಒಂದು ಸಂಸಾರಕ್ಕೆ ಎಷ್ಟು ವರ್ಷ ಹಿಡಿಯುತ್ತದೆ? ಬೆಳಗಿನ ಬಸ್ಸಿನಲ್ಲಿ ಕೂಲಿಗೆಂದು ಪಟ್ಟಣಕ್ಕೆ ಹೊರಡುವವರು ಯಾವ ಯಾವ ಕೇರಿಯವರು? ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಇನ್ನೊಂದು ನುಡಿ ಇರುವ ಮಗು ಓದಿನಲ್ಲಿ ಎಲ್ಲಿ ಎಡವುತ್ತದೆ? ಇವುಗಳಿಗೆ ಉತ್ತರ ಊರಿನವರಿಗೆಲ್ಲ ತಿಳಿದೇ ಇದೆ ಎಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಹಾಗಲ್ಲ. ಪ್ರತಿಯೊಬ್ಬನೂ ತನ್ನ ಬಾವಿಯನ್ನು ಬಲ್ಲ, ನೆರೆಯವನ ಬಾವಿಯನ್ನು ಅಷ್ಟಿಷ್ಟು ಬಲ್ಲ. ಊರಿನ ಎಲ್ಲ ಬಾವಿಗಳ ಕಥೆಯನ್ನು ಒಟ್ಟುಗೂಡಿಸಿ ಬಲ್ಲವನು ಒಬ್ಬನೂ ಇರುವುದಿಲ್ಲ. ಮನೆಮನೆಗೆ ಹೋಗಿ ಕೇಳಿ, ಬರೆದುಕೊಂಡು, ಎಣಿಸಿ, ಹೋಲಿಸಿ ನೋಡಿದಾಗ ಮಾತ್ರ ಆ ಒಟ್ಟು ಚಿತ್ರ ಮೂಡುತ್ತದೆ. ಈ ಕೆಲಸಕ್ಕೆ ಸಮಾಜವಿಜ್ಞಾನ ಸಂಶೋಧನೆ ಎಂದು ಹೆಸರು. ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಮಾನವಶಾಸ್ತ್ರ, ರಾಜ್ಯಶಾಸ್ತ್ರ, ಇತಿಹಾಸ ಇವೆಲ್ಲವೂ ಅದರ ಬೇರೆ ಬೇರೆ ಕವಲುಗಳು.

ರಸಾಯನಶಾಸ್ತ್ರದ ಸಂಶೋಧನೆಗೆ ಹಣ ಬೇಕೆಂದರೆ ಯಾರೂ ಆಶ್ಚರ್ಯಪಡುವುದಿಲ್ಲ. ಪ್ರಯೋಗಶಾಲೆ, ಯಂತ್ರ, ಗಾಜಿನ ಉಪಕರಣಗಳು ಕಣ್ಣಿಗೆ ಕಾಣುತ್ತವೆ. ಜನರ ಬಳಿಗೆ ಹೋಗಿ ಮಾತನಾಡುವುದಕ್ಕೆ ಹಣವೇಕೆ ಎಂಬ ಸಂಶಯ ಮಾತ್ರ ಹಲವರಲ್ಲಿದೆ. ವಾಸ್ತವವಾಗಿ ಈ ವಿದ್ಯೆಗೆ ಬೇಕಾದ ಅತ್ಯಂತ ದುಬಾರಿಯಾದ ಸಾಮಗ್ರಿ ಕಾಲ. ಉಳುಮೆಯಿಂದ ಸುಗ್ಗಿಯವರೆಗಿನ ಒಂದು ಸುತ್ತನ್ನಾದರೂ ಕಾಣದವನು ಹಳ್ಳಿಯ ಲೆಕ್ಕವನ್ನು ಅರಿಯಲಾರ. ಆ ಒಂದು ವರ್ಷ ಸಂಶೋಧಕನು ಬೇರೆ ದುಡಿಮೆಯನ್ನು ಮಾಡುವಂತಿಲ್ಲ. ಅವನಿಗೆ ಊಟ ವಸತಿ ಬೇಕು. ಅವನ ಮನೆಯವರ ಹೊಟ್ಟೆಯೂ ತುಂಬಬೇಕು. ಪ್ರಶ್ನಾವಳಿಗಳನ್ನು ಅಚ್ಚು ಮಾಡಿಸಬೇಕು, ಲೆಕ್ಕಕ್ಕೆ ಸಹಾಯಕರು ಬೇಕು, ಹಳೆಯ ಕಡತಗಳನ್ನು ನೋಡಲು ಜಿಲ್ಲಾ ಕೇಂದ್ರಕ್ಕೂ ರಾಜಧಾನಿಗೂ ಅಲೆಯಬೇಕು. ಐದು ವರ್ಷದ ಮೇಲೆ ಅದೇ ಊರಿಗೆ ಮರಳಿ ಹೋಗಿ ಏನು ಬದಲಾಯಿತೆಂದು ನೋಡುವುದಾದರೆ ಈ ವೆಚ್ಚವೆಲ್ಲ ಇನ್ನೊಮ್ಮೆ. ಆದುದರಿಂದ ಒಂದು ಊರನ್ನು ಕುರಿತು ಯಾವ ಪ್ರಶ್ನೆಯನ್ನು ಯಾರು ಕೇಳಿದರು ಎಂದು ತಿಳಿಯಬೇಕಾದರೆ, ಆ ಕೇಳುವಿಕೆಗೆ ಹಣ ಕೊಟ್ಟವರು ಯಾರು ಎಂಬುದನ್ನೂ ನೋಡಬೇಕಾಗುತ್ತದೆ.

ಕೋಲಾರ ಸೀಮೆಯಲ್ಲಿ ಇದಕ್ಕೆ ಹಳೆಯ ನಿದರ್ಶನವೊಂದುಂಟು. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮರುವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿಯು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು ಸೀಮೆಯ ಪರಿಶೀಲನೆಗೆ ನೇಮಿಸಿದನು. ಬುಕಾನನ್ನನು 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟು, ಘಟ್ಟವನ್ನೇರಿ, ಮುಳಬಾಗಿಲಿನ ದಕ್ಷಿಣಕ್ಕಿರುವ ಬೇತಮಂಗಲದ ಮಾರ್ಗವಾಗಿ ಬೆಂಗಳೂರನ್ನು ಸೇರಿದನು. ಹೋದಲ್ಲೆಲ್ಲ ರೈತರನ್ನೂ ನೇಕಾರರನ್ನೂ ವರ್ತಕರನ್ನೂ ಕರೆಸಿ ವಿಚಾರಿಸಿ, ಅಂದಂದಿನ ದಿನಚರಿಯಲ್ಲಿ ಬರೆದಿಟ್ಟನು. ಆ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಎರಡು ಶತಮಾನಗಳ ಹಿಂದೆ ಇಲ್ಲಿನ ಹೊಲದಲ್ಲಿ ಯಾವ ಬೆಳೆಯಿತ್ತು, ಕೂಲಿಯೆಷ್ಟಿತ್ತು ಎಂಬುದನ್ನು ಅರಿಯಲು ಇಂದಿಗೂ ವಿದ್ವಾಂಸರು ಆ ಸಂಪುಟಗಳನ್ನು ತೆರೆಯುತ್ತಾರೆ. ಆದರೆ ಅವನ ಸಂಬಳ ಈಸ್ಟ್ ಇಂಡಿಯಾ ಕಂಪನಿಯದು. ಅವನಿಗೆ ಕೊಟ್ಟ ಆದೇಶದಲ್ಲಿ ಹತ್ತಿ, ಮೆಣಸು, ಶ್ರೀಗಂಧ, ಏಲಕ್ಕಿ, ಗಣಿ, ಕೈಗಾರಿಕೆಗಳ ವಿಷಯ ಮುಂದಾಗಿತ್ತು. ಹೊಸದಾಗಿ ಕೈಗೆ ಬಂದ ಸೀಮೆಯಿಂದ ಯಾವ ಸರಕು ಎಷ್ಟು ದೊರೆತೀತು ಎಂಬುದು ಕೊಟ್ಟವರ ಕುತೂಹಲ. ಬುಕಾನನ್ನನು ಪ್ರಾಮಾಣಿಕನಾಗಿಯೇ ಬರೆದನು. ಆದರೂ ಪ್ರಶ್ನೆಗಳು ಅವನವಾಗಿರಲಿಲ್ಲ, ಅವನು ಮಾತನಾಡಿಸಿದ ರೈತರವಂತೂ ಆಗಿರಲೇ ಇಲ್ಲ.

ಅತಿ ಕಡಿಮೆ ಹಣದಲ್ಲಿ, ಬೇರೊಂದು ಬಗೆಯಲ್ಲಿ ಈ ಕೆಲಸ ನಡೆದದ್ದೂ ಉಂಟು. ಮದರಾಸು ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಗಿಲ್ಬರ್ಟ್ ಸ್ಲೇಟರ್ ಅವರು 1916ರ ಸುಮಾರಿನಲ್ಲಿ ತಮ್ಮ ವಿದ್ಯಾರ್ಥಿಗಳ ಕೈಗೆ ಪ್ರಶ್ನಾವಳಿಯೊಂದನ್ನು ಕೊಟ್ಟು, ರಜೆಯಲ್ಲಿ ಅವರವರ ಊರುಗಳಿಗೇ ಕಳುಹಿಸಿದರು. ಹುಡುಗರು ತಮ್ಮ ಊರಿನ ಜಮೀನು, ಸಾಲ, ಕೂಲಿಗಳ ವಿವರವನ್ನು ತಂದರು. 1918ರಲ್ಲಿ ಅದು ಪುಸ್ತಕವಾಯಿತು. ಇಪ್ಪತ್ತು ವರ್ಷಗಳ ಮೇಲೆ ಬೇರೆ ಅಧ್ಯಾಪಕರು ಅವೇ ಹಳ್ಳಿಗಳನ್ನು ಮತ್ತೆ ಪರಿಶೀಲಿಸಿದರು. ಮನೆಯೂಟವೇ ಆ ವಿದ್ಯಾರ್ಥಿಗಳ ಶಿಷ್ಯವೇತನವಾಗಿತ್ತೆನ್ನಬಹುದು. ಆದರೆ ರಜೆ ಮುಗಿಯುತ್ತಲೇ ಕೆಲಸವೂ ಮುಗಿಯಬೇಕು. ಒಂದು ವರ್ಷವಿಡೀ ಊರಿನಲ್ಲಿ ಕುಳಿತು ನೋಡಲು ಮನೆಯೂಟ ಸಾಲದು.

ವರ್ಷವಿಡೀ ಕುಳಿತು ನೋಡುವ ಅವಕಾಶ ಮೈಸೂರಿನ ಒಬ್ಬ ತರುಣ ವಿದ್ವಾಂಸರಿಗೆ ಒದಗಿತು. ಅವರು ಎಂ. ಎನ್. ಶ್ರೀನಿವಾಸ್. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಅಲ್ಲಿಯೂ ಮುಂಬಯಿಯಲ್ಲಿಯೂ ಓದಿ, ಹೆಚ್ಚಿನ ವ್ಯಾಸಂಗಕ್ಕೆ ಆಕ್ಸ್‌ಫರ್ಡಿಗೆ ಹೋದ ಅವರಿಗೆ, ಅಲ್ಲಿನ ಮಾನವಶಾಸ್ತ್ರದ ಪ್ರಾಧ್ಯಾಪಕರಾದ ಇವಾನ್ಸ್-ಪ್ರಿಚರ್ಡ್ ಅವರು ಭಾರತೀಯ ಸಮಾಜಶಾಸ್ತ್ರದ ಅಧ್ಯಾಪಕ ಹುದ್ದೆಯೊಂದನ್ನು ದೊರಕಿಸಿಕೊಟ್ಟರು. ಆ ಹುದ್ದೆಯ ಮೊದಲನೆಯ ವರ್ಷ ಪಾಠ ಹೇಳಬೇಕಾಗಿರಲಿಲ್ಲ. ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಇದ್ದು ಬರಬೇಕಾಗಿತ್ತು. ಶಿಷ್ಯನೊಬ್ಬನಿಗೆ ಗುರುವು ಮಾಡಬಹುದಾದ ಉಪಕಾರಗಳಲ್ಲಿ ಇದಕ್ಕಿಂತ ದೊಡ್ಡದನ್ನು ಊಹಿಸುವುದು ಕಷ್ಟ.

1948ರಲ್ಲಿ ಶ್ರೀನಿವಾಸ್ ಅವರು ಮೈಸೂರು ಜಿಲ್ಲೆಯ ಕೊಡಗಹಳ್ಳಿಯಲ್ಲಿ ಬಿಡಾರ ಹೂಡಿದರು. ಬರಹದಲ್ಲಿ ಅದಕ್ಕೆ ‘ರಾಂಪುರ’ ಎಂಬ ಹೆಸರನ್ನಿಟ್ಟರು. ಊರಿನವರ ಗುಟ್ಟು ಬಯಲಾಗಬಾರದೆಂದು ಹೀಗೆ ಬೇರೆ ಹೆಸರಿಡುವುದು ಆ ಶಾಸ್ತ್ರದ ವಾಡಿಕೆ. ಗ್ರಾಮದ ಪಟೇಲರ ಎತ್ತುಗಳನ್ನು ಕಟ್ಟುತ್ತಿದ್ದ ಮನೆಯಲ್ಲಿ ಅವರಿಗೆ ವಸತಿ. ಸುಮಾರು ಹತ್ತು ಹನ್ನೊಂದು ತಿಂಗಳ ಕಾಲ ಅವರು ನಾಟಿ ಕೊಯ್ಲುಗಳನ್ನೂ ಜಗಳ ಪಂಚಾಯಿತಿಗಳನ್ನೂ ಹಬ್ಬ ಮದುವೆಗಳನ್ನೂ ನೋಡಿದರು. ಊರಿನಲ್ಲಿ ಜಮೀನೂ ಜನಬಲವೂ ಉಳ್ಳ ಜಾತಿಯು ಉಳಿದವರ ಮೇಲೆ ಹೇಗೆ ಹಿಡಿತವನ್ನಿಟ್ಟುಕೊಳ್ಳುತ್ತದೆ ಎಂಬುದನ್ನು ಅವರು ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆಯ ಮೂಲಕ ವಿವರಿಸಿದರು. ಇಂದು ದಿನಪತ್ರಿಕೆಗಳಲ್ಲಿ ನಿತ್ಯವೂ ಕಾಣುವ ‘ವೋಟ್ ಬ್ಯಾಂಕ್’ ಎಂಬ ಮಾತು ಸಹ ರಾಂಪುರವನ್ನು ಕುರಿತು ಅವರು 1955ರಲ್ಲಿ ಪ್ರಕಟಿಸಿದ ಲೇಖನದಿಂದ ಬಳಕೆಗೆ ಬಂದಿತೆನ್ನುತ್ತಾರೆ. ಕಾವೇರಿ ಬಯಲಿನ ಒಂದು ಹಳ್ಳಿಯಲ್ಲಿ ಕಳೆದ ಒಂದು ವರ್ಷದಿಂದ ದೇಶದ ರಾಜಕೀಯವನ್ನೇ ಅರ್ಥಮಾಡಿಕೊಳ್ಳುವ ಪದಗಳು ಹುಟ್ಟಿದವು.

ಆ ಕ್ಷೇತ್ರಕಾರ್ಯದ ಮುಂದಿನ ಕಥೆ ವಿಚಿತ್ರವಾದುದು. ಟಿಪ್ಪಣಿಗಳನ್ನು ಶೋಧಿಸಿ, ವಿಂಗಡಿಸಿ, ವಿಷಯವಾರು ಜೋಡಿಸಲು ಶ್ರೀನಿವಾಸ್ ಅವರಿಗೆ ವರ್ಷಗಳೇ ಹಿಡಿದವು. ಅಧ್ಯಾಪನ ಮತ್ತು ಆಡಳಿತಗಳ ನಡುವೆ ಬಿಡುವು ದೊರೆತಷ್ಟೇ ಕೆಲಸ. ಕಡೆಗೆ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿರುವ ಉನ್ನತ ಅಧ್ಯಯನ ಕೇಂದ್ರವೊಂದರ ಫೆಲೋಶಿಪ್ ದೊರೆತು, ಗ್ರಂಥವನ್ನು ಬರೆದು ಮುಗಿಸಲು ಅಲ್ಲಿಗೆ ಹೋದರು. 1970ರ ಏಪ್ರಿಲ್ 24ರಂದು ಕಿಡಿಗೇಡಿಗಳು ಆ ಕೇಂದ್ರಕ್ಕೆ ಬೆಂಕಿಯಿಟ್ಟರು. ಶ್ರೀನಿವಾಸ್ ಅವರ ಕೊಠಡಿಯಲ್ಲಿದ್ದ ಪರಿಷ್ಕೃತ ಟಿಪ್ಪಣಿಗಳ ಮೂರು ಪ್ರತಿಗಳೂ ಸುಟ್ಟುಹೋದವು. ಸಹೋದ್ಯೋಗಿಯಾಗಿದ್ದ ಸೋಲ್ ಟ್ಯಾಕ್ಸ್ ಅವರು, ಕಾಗದ ಹೋದರೂ ನೆನಪು ಉಳಿದಿದೆಯಲ್ಲ, ನೆನಪಿನಿಂದಲೇ ಬರೆಯಬಾರದೇಕೆ ಎಂದು ಸೂಚಿಸಿದರು. ಹಾಗೆ ಬರೆದ ಪುಸ್ತಕವೇ 1976ರಲ್ಲಿ ಪ್ರಕಟವಾದ ‘ದಿ ರಿಮೆಂಬರ್ಡ್ ವಿಲೇಜ್’. ಅದು ಜಗತ್ತಿನ ಸಮಾಜಶಾಸ್ತ್ರದ ಹೆಸರಾಂತ ಗ್ರಂಥಗಳಲ್ಲಿ ಒಂದಾಯಿತು. ಬೆಂಕಿಯ ಪ್ರಸಂಗವನ್ನೇ ಜನ ಹೆಚ್ಚಾಗಿ ಹೇಳುತ್ತಾರೆ. ಆದರೆ 1948ರ ಆ ಸಂಬಳ ಸಹಿತವಾದ ವರ್ಷ ಇಲ್ಲದಿದ್ದರೆ ಸುಡಲು ಟಿಪ್ಪಣಿಗಳೂ ಇರುತ್ತಿರಲಿಲ್ಲ, ಬರೆಯಲು ನೆನಪೂ ಇರುತ್ತಿರಲಿಲ್ಲ.

ಶ್ರೀನಿವಾಸ್ ಅವರಿಗೆ ಆ ವರ್ಷವನ್ನು ಕೊಟ್ಟದ್ದು ಒಂದು ವಿದೇಶೀ ವಿಶ್ವವಿದ್ಯಾನಿಲಯ. ಭಾರತದ ಹಳ್ಳಿಗಳನ್ನು ಭಾರತದ ಹಣದಲ್ಲಿ ಅಧ್ಯಯನ ಮಾಡುವ ಏರ್ಪಾಡು ಆಗ ದುರ್ಬಲವಾಗಿತ್ತು. ಪುಣೆಯಲ್ಲಿ ಗೋಖಲೆಯವರ ಹೆಸರಿನ ಅರ್ಥಶಾಸ್ತ್ರ ಸಂಸ್ಥೆಯೊಂದು ಆರ್. ಆರ್. ಕಾಳೆ ಅವರ ದಾನದಿಂದ 1930ರಲ್ಲಿ ಸ್ಥಾಪಿತವಾಗಿ, ಡಿ. ಆರ್. ಗಾಡ್ಗೀಳ್ ಅವರ ನೇತೃತ್ವದಲ್ಲಿ ಹೊಲಮನೆಗಳ ಸಮೀಕ್ಷೆಯನ್ನು ನಡೆಸಿತ್ತು. ಅಂತಹವು ಬೆರಳೆಣಿಕೆಯಷ್ಟು. ಪಂಚವಾರ್ಷಿಕ ಯೋಜನೆಗಳು ಆರಂಭವಾದ ಮೇಲೆ, ಜನಜೀವನವನ್ನು ಅರಿಯದೆ ಯೋಜನೆಯನ್ನು ಹೂಡುವುದು ಕತ್ತಲೆಯಲ್ಲಿ ಕಲ್ಲೆಸೆದಂತೆ ಎಂಬ ಅರಿವು ಮೂಡಿತು. ಯೋಜನಾ ಆಯೋಗವು 1965ರಲ್ಲಿ ಡಾ. ವಿ. ಕೆ. ಆರ್. ವಿ. ರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಅದರ ಸಲಹೆಯಂತೆ ಕೇಂದ್ರ ಸರ್ಕಾರವು 1969ರಲ್ಲಿ ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಮಂಡಳಿಯನ್ನು ಸ್ಥಾಪಿಸಿತು. ಪುಣೆಯ ಗಾಡ್ಗೀಳರೇ ಅದರ ಮೊದಲನೆಯ ಅಧ್ಯಕ್ಷರು, ಜೆ. ಪಿ. ನಾಯಕರು ಸದಸ್ಯ ಕಾರ್ಯದರ್ಶಿಗಳು. ಸಂಸ್ಥೆಗಳನ್ನು ಕಟ್ಟುವುದರಲ್ಲಿ ರಾವ್ ಅವರದು ದೊಡ್ಡ ಹೆಸರು. ದೆಹಲಿಯಲ್ಲಿ ಎರಡು ವಿದ್ಯಾಸಂಸ್ಥೆಗಳನ್ನು ಕಟ್ಟಿದ್ದ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಆರಂಭಿಸಿದರು. ಶ್ರೀನಿವಾಸ್ ಅವರೂ ದೆಹಲಿಯನ್ನು ಬಿಟ್ಟು ಅಲ್ಲಿಗೆ ಬಂದರು. ನಾಗರಭಾವಿಯಲ್ಲಿರುವ ಆ ಸಂಸ್ಥೆಗೆ ಮಂಡಳಿಯೂ ರಾಜ್ಯ ಸರ್ಕಾರವೂ ನೆರವು ನೀಡುತ್ತ ಬಂದಿವೆ.

ಇಂತಹ ಮಂಡಳಿಯಿಂದ ಹಣ ದೊರೆಯುವ ಬಗೆಯನ್ನು ಅರಿಯುವುದು ಸ್ವಾರಸ್ಯವಾಗಿದೆ. ಮಂಡಳಿಯು ಕಾಲಕಾಲಕ್ಕೆ ಪ್ರಕಟಣೆಯನ್ನು ಹೊರಡಿಸುತ್ತದೆ: ಇಂತಹ ಯೋಜನೆಗೆ ಇಂತಹ ದಿನಾಂಕದೊಳಗೆ ಅರ್ಜಿಗಳನ್ನು ಕಳುಹಿಸತಕ್ಕದ್ದು ಎಂದು. ಪಿಎಚ್.ಡಿ. ಪದವಿಗಾಗಿ ದುಡಿಯುತ್ತಿರುವ ತರುಣರಿಗೆ ಒಂದು ಬಗೆಯ ಫೆಲೋಶಿಪ್, ಪದವಿ ಪಡೆದವರಿಗೆ ಇನ್ನೊಂದು, ನುರಿತ ವಿದ್ವಾಂಸರಿಗೆ ಮತ್ತೊಂದು. ಅಧ್ಯಾಪಕರು ಕೂಡಿ ನಡೆಸುವ ದೊಡ್ಡ ಯೋಜನೆಗಳಿಗೆ ಬೇರೆಯೇ ಅನುದಾನ. ಅರ್ಜಿದಾರನು ತನ್ನ ಪ್ರಶ್ನೆ ಯಾವುದು, ಅದನ್ನು ಕುರಿತು ಹಿಂದಿನವರು ಏನು ಹೇಳಿದ್ದಾರೆ, ತಾನು ಎಷ್ಟು ಮನೆಗಳಿಗೆ ಹೋಗಿ ಯಾವ ರೀತಿಯಲ್ಲಿ ಉತ್ತರವನ್ನು ಹುಡುಕುವೆನು, ಎಷ್ಟು ತಿಂಗಳು ಬೇಕು, ಎಷ್ಟು ರೂಪಾಯಿ ಬೇಕು ಎಂಬುದನ್ನು ಬರೆಯಬೇಕು. ಅದನ್ನು ಆ ವಿಷಯದ ತಜ್ಞರು ಓದಿ ತೂಗಿ ನೋಡುತ್ತಾರೆ. ಒಪ್ಪಿಗೆಯಾದರೆ ಹಣ ಸಾಮಾನ್ಯವಾಗಿ ಅರ್ಜಿದಾರನ ವಿಶ್ವವಿದ್ಯಾನಿಲಯ ಅಥವಾ ಸಂಸ್ಥೆಯ ಮೂಲಕ ಕಂತುಕಂತಾಗಿ ಬರುತ್ತದೆ. ಒಂದು ಕಂತಿನ ಲೆಕ್ಕವನ್ನೂ ಕೆಲಸದ ವರದಿಯನ್ನೂ ಒಪ್ಪಿಸಿದ ಮೇಲೆ ಮುಂದಿನ ಕಂತು. ಬಸ್ಸಿನ ಚೀಟಿಯಿಂದ ಹಿಡಿದು ಜೆರಾಕ್ಸಿನ ರಸೀದಿಯವರೆಗೆ ಎಲ್ಲವನ್ನೂ ಜೋಪಾನ ಮಾಡಬೇಕು. ಒಳ್ಳೆಯ ಸಂಶೋಧಕರಲ್ಲಿ ಎಷ್ಟೋ ಮಂದಿ ಕೆಟ್ಟ ಲೆಕ್ಕಿಗರು. ಕಡೆಯ ಕಂತು ತಡವಾಗುವುದಕ್ಕೆ ಅದೂ ಒಂದು ಕಾರಣ.

ಪ್ರಶ್ನೆಯನ್ನು ಚೆನ್ನಾಗಿ ಕೇಳುವುದೇ ಅರ್ಜಿಯ ಜೀವಾಳ. ‘ಕೋಲಾರ ಜಿಲ್ಲೆಯ ನೀರಿನ ಸಮಸ್ಯೆ’ ಎಂದು ಬರೆದರೆ ಅದು ವಿಷಯವಾಯಿತೇ ಹೊರತು ಪ್ರಶ್ನೆಯಾಗಲಿಲ್ಲ. 2018ರಿಂದ ಬೆಂಗಳೂರಿನ ಬಳಸಿದ ನೀರನ್ನು ಸಂಸ್ಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗಿದೆ. ಹಾಗೆ ತುಂಬಿದ ಒಂದು ಕೆರೆಯ ಸುತ್ತಣ ಬಾವಿಗಳಲ್ಲಿ ಯಾರ ಬಾವಿಗೆ ನೀರು ಬಂದಿತು, ಜಮೀನಿಲ್ಲದ ಕೂಲಿಯವನಿಗೆ ಅದರಿಂದ ಏನಾಯಿತು, ಊರಿನವರು ಆ ನೀರನ್ನು ಯಾವುದಕ್ಕೆ ಬಳಸುತ್ತಾರೆ, ಯಾವುದಕ್ಕೆ ಬಳಸಲು ಹಿಂಜರಿಯುತ್ತಾರೆ ಎಂದು ಕೇಳಿದರೆ ಅದು ಪ್ರಶ್ನೆ. ಇಂತಹ ಪ್ರಶ್ನೆ ದೂರದಲ್ಲಿ ಕುಳಿತವನಿಗಿಂತ ಆ ಕೆರೆಯ ಏರಿಯ ಮೇಲೆ ನಡೆದು ಶಾಲೆಗೆ ಹೋದವನಿಗೆ ಬೇಗ ಹೊಳೆಯುತ್ತದೆ.

ಆದರೆ ಹಾಗೆ ಹೊಳೆದವನಿಗೆ ಹಣದ ಸುದ್ದಿ ತಲುಪಬೇಕಲ್ಲ! ಅನುದಾನವಿರುವುದು ಒಂದು ಮಾತು; ಅದು ಇದೆಯೆಂದು ತಿಳಿಯುವುದು ಇನ್ನೊಂದು ಮಾತು. ಬಹುಕಾಲದವರೆಗೆ ಈ ಸುದ್ದಿಯು ವಿಶ್ವವಿದ್ಯಾನಿಲಯಗಳ ಸೂಚನಾ ಫಲಕಗಳಲ್ಲಿಯೂ ಇಂಗ್ಲಿಷ್ ದಿನಪತ್ರಿಕೆಗಳ ಜಾಹೀರಾತುಗಳಲ್ಲಿಯೂ ಪ್ರಕಟವಾಗುತ್ತಿತ್ತು. ಮುಂಬಯಿಯಿಂದ 1949ರಲ್ಲಿ ಸಚಿನ್ ಚೌಧುರಿಯವರು ಆರಂಭಿಸಿದ ‘ಎಕನಾಮಿಕ್ ವೀಕ್ಲಿ’ಯು 1966ರಿಂದ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ ಎಂಬ ಹೆಸರಿನಲ್ಲಿ ಬರುತ್ತಿದೆ. ಭಾರತದ ಹಳ್ಳಿಗಳನ್ನು ಕುರಿತ ಮೊದಲ ಲೇಖನಮಾಲೆ 1950ರ ದಶಕದ ಆರಂಭದಲ್ಲಿ ಅಚ್ಚಾದದ್ದು ಆ ಪತ್ರಿಕೆಯಲ್ಲಿ. ಅದರ ಲೇಖನಗಳಷ್ಟೇ ಶ್ರದ್ಧೆಯಿಂದ ತರುಣ ಸಂಶೋಧಕರು ಹುದ್ದೆಗಳ, ಫೆಲೋಶಿಪ್‌ಗಳ ಜಾಹೀರಾತಿರುವ ಪುಟಗಳನ್ನೂ ಓದುತ್ತಿದ್ದರು. ಆದರೆ ಆ ಪತ್ರಿಕೆ ದೊಡ್ಡ ಕಾಲೇಜಿನ ಗ್ರಂಥಾಲಯಕ್ಕೆ ಬರುತ್ತಿತ್ತು. ತಾಲ್ಲೂಕಿನ ವಾಚನಾಲಯಕ್ಕೆ ಬರುತ್ತಿರಲಿಲ್ಲ. ಸೂಚನಾ ಫಲಕವಿರುವ ಮೊಗಸಾಲೆಯಲ್ಲಿ ದಿನವೂ ನಡೆದಾಡುವವನಿಗೆ ಸುದ್ದಿ ತಾನಾಗಿ ಕಣ್ಣಿಗೆ ಬೀಳುತ್ತದೆ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಬರುವವನಿಗೆ ಕಡೆಯ ದಿನಾಂಕ ಕಳೆದ ಮೇಲೆ ಬೀಳುತ್ತದೆ.

ಸುದ್ದಿಯ ಈ ಬಗೆಯ ಅಸಮಾನತೆಯನ್ನು ಬಹಳ ಹಿಂದೆಯೇ ಮನಗಂಡವರು ಮುಳಬಾಗಿಲಿನವರೇ ಆದ ಡಿ. ವಿ. ಗುಂಡಪ್ಪನವರು. ‘ಮಂಕುತಿಮ್ಮನ ಕಗ್ಗ’ದ ಕವಿಯೆಂದು ಅವರನ್ನು ನಾಡು ಬಲ್ಲುದು. ರಾಜ್ಯಶಾಸ್ತ್ರದಲ್ಲಿಯೂ ಸಾರ್ವಜನಿಕ ವಿಚಾರಗಳಲ್ಲಿಯೂ ಅವರು ಮಾಡಿದ ದುಡಿಮೆ ಅಷ್ಟು ಪ್ರಸಿದ್ಧವಲ್ಲ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಅವರು ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ದಾಟಲಿಲ್ಲ. ಬೆಂಗಳೂರಿಗೆ ಹೋಗಿ ಪತ್ರಕರ್ತರಾದರು. 1913ರಲ್ಲಿ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಹೊರಡಿಸಿದರು. ಗೋಪಾಲಕೃಷ್ಣ ಗೋಖಲೆಯವರ ಚರಿತ್ರೆಯನ್ನು ಕನ್ನಡದಲ್ಲಿ ಬರೆದರು. ಪ್ರಜೆಗೆ ರಾಜ್ಯದ ವಿಚಾರ ತಿಳಿಯಬೇಕಾದರೆ ಅಂಕಿ ಅಂಶಗಳೂ ವರದಿಗಳೂ ಗ್ರಂಥಗಳೂ ಅವನ ಕೈಗೆಟುಕುವಂತಿರಬೇಕೆಂಬುದು ಅವರ ಗಟ್ಟಿಯಾದ ನಂಬಿಕೆಯಾಗಿತ್ತು. 1945ರಲ್ಲಿ ಅವರು ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಪುಣೆಯ ಸಂಸ್ಥೆಗೂ ಇದಕ್ಕೂ ಹೆಸರಿನಲ್ಲಿ ಮಾತ್ರ ಸಾಮ್ಯ. ಅಲ್ಲಿ ಸಂಶೋಧಕರು ಸಂಬಳಕ್ಕೆ ದುಡಿದರು. ಇಲ್ಲಿ ಗ್ರಂಥಾಲಯ, ಉಪನ್ಯಾಸ, ಅಧ್ಯಯನ ಗೋಷ್ಠಿಗಳ ಮೂಲಕ ಯಾರು ಬೇಕಾದರೂ ಬಂದು ಕಲಿಯುವ ಏರ್ಪಾಡು. ಹಣ ಮಾತ್ರ ಸದಾ ಸಾಲದು. 1970ರಲ್ಲಿ ರವೀಂದ್ರ ಕಲಾಕ್ಷೇತ್ರದಲ್ಲಿ ನಾಡಿನ ಪರವಾಗಿ ಅವರನ್ನು ಸನ್ಮಾನಿಸಿ ಸುಮಾರು 90,000 ರೂಪಾಯಿಗಳ ನಿಧಿಯನ್ನು ಅರ್ಪಿಸಿದರು. ಅಂದಿನ ದಿನದಲ್ಲಿ ಅದು ಬೆಂಗಳೂರಿನಲ್ಲಿ ಮನೆ ಕಟ್ಟಿಸಬಹುದಾದಷ್ಟು ಹಣ. ಗುಂಡಪ್ಪನವರು ಅಷ್ಟನ್ನೂ ಸಂಸ್ಥೆಗೆ ಕೊಟ್ಟುಬಿಟ್ಟರು. ಶ್ರೀನಿವಾಸ್ ಅವರ ಟಿಪ್ಪಣಿಗಳು ಸುಟ್ಟುಹೋದದ್ದೂ ಅದೇ ವರ್ಷ.

ಇಂದು ಪ್ರಕಟಣೆಗಳೆಲ್ಲ ಅಂತರ್ಜಾಲದಲ್ಲಿ ಬರುತ್ತವೆ. ಮೊಬೈಲು ಕೈಯಲ್ಲಿರುವ ಯಾವ ವಿದ್ಯಾರ್ಥಿಯೂ ಅವುಗಳನ್ನು ನೋಡಬಹುದು. ಕೋಲಾರದಲ್ಲಿಯೇ 2017ರಿಂದ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯವಿದೆ. ಸ್ನಾತಕೋತ್ತರ ವ್ಯಾಸಂಗಕ್ಕೆಂದು ಬೆಂಗಳೂರಿನಲ್ಲಿ ಕೊಠಡಿಯನ್ನು ಹಿಡಿಯಲೇಬೇಕಾದ ಪ್ರಸಂಗ ತಪ್ಪಿದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಕಿರಿಯ ಸಂಶೋಧನಾ ಫೆಲೋಶಿಪ್ಪಿನ ಮೊತ್ತವನ್ನು 2023ರಲ್ಲಿ ತಿಂಗಳಿಗೆ 37,000 ರೂಪಾಯಿಗಳಿಗೆ ಏರಿಸಲಾಯಿತು. ಮೊದಲ ಎರಡು ವರ್ಷಗಳ ಮೇಲೆ ಹಿರಿಯ ಫೆಲೋ ಆದವರಿಗೆ 42,000. ರೈತನ ಮನೆಯ ಮಗಳೊಬ್ಬಳು ಕೂಲಿಯ ಚಿಂತೆಯಿಲ್ಲದೆ ಕೆಲವು ವರ್ಷ ಒಂದು ಪ್ರಶ್ನೆಯ ಬೆನ್ನು ಹತ್ತಲು ಅದು ಸಾಕಾಗುವ ಹಣವೇ.

ಆದರೂ ಬಾಗಿಲು ಪೂರ್ತಿಯಾಗಿ ತೆರೆದಿದೆಯೆನ್ನಲಾಗದು. ಆ ಫೆಲೋಶಿಪ್ಪಿಗೆ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ದೊರೆಯಬೇಕು. ಅರ್ಥಶಾಸ್ತ್ರ, ಸಮಾಜಶಾಸ್ತ್ರ ಮೊದಲಾದ ವಿಷಯಗಳಲ್ಲಿ ಅದರ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತದೆ. ಮನೆಯಲ್ಲಿ ತೆಲುಗು ಆಡಿ, ಕನ್ನಡದಲ್ಲಿ ಪದವಿಯವರೆಗೆ ಓದಿದ ಮುಳಬಾಗಿಲಿನ ವಿದ್ಯಾರ್ಥಿಗೆ ಅದು ಮೂರನೆಯ ನುಡಿಯಲ್ಲಿ ಎದುರಾಗುವ ಪರೀಕ್ಷೆ. ಅನುದಾನದ ಅರ್ಜಿಯ ಇಂಗ್ಲಿಷಿಗೂ ಒಂದು ವಿಶಿಷ್ಟವಾದ ಧಾಟಿಯಿದೆ. ಅದನ್ನು ಬಲ್ಲ ಮಾರ್ಗದರ್ಶಕರು ಎಲ್ಲ ಕಾಲೇಜುಗಳಲ್ಲಿಯೂ ಇರುವುದಿಲ್ಲ. ಸುದ್ದಿ ಮೊಬೈಲಿಗೆ ಬಂದರೂ, ಇದು ತನಗಾಗಿಯೇ ಇರುವ ಸುದ್ದಿ ಎಂದು ಬಗೆಯುವ ಧೈರ್ಯ ಬರಬೇಕಾದರೆ ಮೊದಲು ಯಾರಾದರೂ ಹಾಗೆಂದು ಹೇಳಿರಬೇಕು. ಕೆಲವು ಅಧ್ಯಾಪಕರು ಪ್ರಕಟಣೆಯನ್ನು ತರಗತಿಯಲ್ಲಿ ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿ, ಅರ್ಜಿಯ ಕರಡನ್ನು ತಿದ್ದಿಕೊಡುತ್ತಾರೆ. ಅಂತಹವರಿಗೆ ಇದಕ್ಕಾಗಿ ಯಾವ ಸಂಭಾವನೆಯೂ ಇಲ್ಲ.

ಒಮ್ಮೆ ಹಣ ಸಿಕ್ಕಿ ಕೆಲಸ ನಡೆದರೆ ಏನು ದೊರೆಯುತ್ತದೆ ಎಂಬುದಕ್ಕೆ ಕೋಲಾರ ಜಿಲ್ಲೆಯ ಸಿರೇಸಂದ್ರವನ್ನು ನೋಡಬಹುದು. ಎಂಬತ್ತರ ಆಸುಪಾಸಿನಷ್ಟು ಮನೆಗಳ ಚಿಕ್ಕ ಹಳ್ಳಿ ಅದು. ಅಂತರ್ಜಲವನ್ನು ನಂಬಿ, ರೇಷ್ಮೆ ಮತ್ತು ಹೈನುಗಾರಿಕೆಯಲ್ಲಿ ತೊಡಗಿದ ಊರು. ಕೃಷಿ ಸಂಬಂಧಗಳ ಅಧ್ಯಯನಕ್ಕಾಗಿ 2003ರಲ್ಲಿ ಹುಟ್ಟಿದ ಪ್ರತಿಷ್ಠಾನವೊಂದರ ಸಂಶೋಧಕರು 2009ರಲ್ಲಿ ಅಲ್ಲಿಗೆ ಬಂದರು. ಅದೇ ವರ್ಷ ಮಂಡ್ಯ ಜಿಲ್ಲೆಯ ಆಲಬುಜನಹಳ್ಳಿಯನ್ನೂ ಕಲಬುರಗಿ ಜಿಲ್ಲೆಯ ಝಾಪುರವನ್ನೂ ಸಮೀಕ್ಷೆ ಮಾಡಿದರು. ಕಾಲುವೆಯ ನೀರಿರುವುದು ಒಂದು, ಬಾವಿಯ ನೀರಿರುವುದು ಇನ್ನೊಂದು, ಮಳೆಯನ್ನೇ ಕಾಯುವುದು ಮತ್ತೊಂದು. ಹೀಗೆ ಮೂರು ಬಗೆಯ ಊರುಗಳು. ಒಂದು ಮನೆಯನ್ನೂ ಬಿಡದೆ ಎಲ್ಲ ಮನೆಗಳಲ್ಲಿಯೂ ಕೇಳಿ, ಜಮೀನು, ಬೆಳೆಯ ಖರ್ಚು, ಕೂಲಿ, ಸಾಲ, ಓದುಗಳ ವಿವರವನ್ನು ಬರೆದುಕೊಂಡರು. ಪ್ರಶ್ನಾವಳಿ ತುಂಬಿಸಿದ್ದು 2009ರಲ್ಲಿ. ಅದರ ಫಲವಾದ ಗ್ರಂಥ ಅಚ್ಚಾಗಿ ಬಂದದ್ದು 2017ರಲ್ಲಿ. ಎಂಟು ವರ್ಷ! ಬುಕಾನನ್ನನ ಮೂರು ಸಂಪುಟಗಳಿಗೂ ಏಳು ವರ್ಷಗಳೇ ಹಿಡಿದಿದ್ದವು. ಕಾಲವೇ ಈ ವಿದ್ಯೆಯ ದುಬಾರಿಯಾದ ಸಾಮಗ್ರಿ ಎಂಬುದು ಇಲ್ಲಿಯೂ ಕಾಣುತ್ತದೆ.

ಮರಳಿ ಹೋಗಿ ನೋಡಿದವರಿಂದ ದೊರೆತ ತಿಳಿವಳಿಕೆಯೂ ಅಪೂರ್ವವಾದುದು. ಆಸ್ಟ್ರಿಯಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಓದಿದ ಸ್ಕಾರ್ಲೆಟ್ ಎಪ್‌ಸ್ಟೈನ್ ಅವರು 1954ರಲ್ಲಿ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿ ನೆಲೆಸಿದರು. ಒಂದಕ್ಕೆ ಕಾಲುವೆಯ ನೀರು ಬಂದಿತ್ತು; ಇನ್ನೊಂದಕ್ಕೆ ಬಂದಿರಲಿಲ್ಲ. ನೀರು ಬಂದ ಊರಿನಲ್ಲಿ ಹಳೆಯ ಪದ್ಧತಿಗಳು ಇನ್ನಷ್ಟು ಬೇರೂರಿದ್ದನ್ನೂ, ನೀರು ಬಾರದ ಊರಿನವರು ಹೊರಗಿನ ವ್ಯಾಪಾರ ಉದ್ಯೋಗಗಳನ್ನು ಹುಡುಕಿಕೊಂಡು ಹೋಗಿ ಹೆಚ್ಚು ಬದಲಾದದ್ದನ್ನೂ ಅವರು ಕಂಡರು. ಅಭಿವೃದ್ಧಿ ಎಲ್ಲೆಡೆ ಒಂದೇ ರೀತಿಯಲ್ಲಿ ಸಮಾಜವನ್ನು ಮಾರ್ಪಡಿಸುತ್ತದೆ ಎಂದು ನಂಬಿದ್ದವರಿಗೆ ಇದು ಅನಿರೀಕ್ಷಿತವಾದ ಉತ್ತರ. 1970ರಲ್ಲಿ ಅವರು ಅವೇ ಹಳ್ಳಿಗಳಿಗೆ ಮರಳಿ ಬಂದು ಇನ್ನೊಂದು ಗ್ರಂಥವನ್ನು ಬರೆದರು.

ಮುಳಬಾಗಿಲಿನ ಕಡೆಯ ಒಂದು ಹಳ್ಳಿಯನ್ನು ಕುರಿತು ಇಂದು ಯಾರಾದರೂ ಅರ್ಜಿ ಬರೆಯುವುದಾದರೆ, ಅದರ ಖರ್ಚಿನ ಪಟ್ಟಿ ಹೆಚ್ಚು ಉದ್ದವಾಗಲಾರದು. ಹನ್ನೆರಡು ತಿಂಗಳ ಊಟ ವಸತಿ. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಅಚ್ಚಾದ ಪ್ರಶ್ನಾವಳಿ, ಮನೆಗೊಂದರಂತೆ. ಬಾವಿಯ ಆಳವನ್ನು ಅಳೆಯಲು ಒಂದು ಹಗ್ಗ. ಹಳೆಯ ಕೆರೆಗಳ ಕಡತವನ್ನು ನೋಡಲು ಬೆಂಗಳೂರಿನ ಪತ್ರಾಗಾರಕ್ಕೆ ಆರು ಬಾರಿ ಹೋಗಿ ಬರುವ ಬಸ್ಸಿನ ಖರ್ಚು. ಊರಿನ ಹುಡುಗನೊಬ್ಬನಿಗೆ ಸಹಾಯಕನೆಂದು ತಿಂಗಳ ಸಂಬಳ. ವರದಿ ಮುಗಿದ ಮೇಲೆ ಅದರ ಸಾರವನ್ನು ಊರಿನವರ ಮುಂದೆ ಓದಿ ಹೇಳುವ ಒಂದು ದಿನದ ಸಭೆಗೆ, ಕಾಫಿ ತಿಂಡಿಯ ವೆಚ್ಚ.